ಒಂದು ನಿಧನ ವಾರ್ತೆ, ಒಂದು ತಿದ್ದುಪಡಿ

ನಮ್ಮ ಪತ್ರಿಕೆಯಲ್ಲಿ ಜನ ಮೊದಲು ಓದುವುದು ಮುಖಪುಟವನ್ನಲ್ಲ, ನಿಧನ ವಾರ್ತೆಯನ್ನು. ಬೆಂಗಳೂರಿನ ಪತ್ರಕರ್ತರಿಗೆ ಇದನ್ನು ಹೇಳಿದರೆ ನಗುತ್ತಾರೆ. ನಗಲಿ. ಚಿಕ್ಕನಾಯಕನಹಳ್ಳಿ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಬೆಳಿಗ್ಗೆ ಒಂದು ಗಳಿಗೆ ನಿಂತು ನೋಡಿ. ಪೇಪರು ಕೈಗೆತ್ತಿಕೊಂಡವರು ಮಂತ್ರಿಗಳನ್ನೆಲ್ಲ ಮಗುಚಿ ಹಾಕಿ ನೇರವಾಗಿ ಒಳಪುಟದ ಬಲಮೂಲೆಗೆ ಹೋಗುತ್ತಾರೆ. ಅಲ್ಲಿ ಅಂಚೆ ಚೀಟಿಯಷ್ಟು ಫೋಟೊ, ಅದರ ಕೆಳಗೆ ನಾಲ್ಕು ಸಾಲು. ಯಾರು, ಯಾವ ಊರು, ಯಾರನ್ನೆಲ್ಲ ಅಗಲಿದ್ದಾರೆ, ಮಣ್ಣು ಎಷ್ಟು ಹೊತ್ತಿಗೆ, ಯಾವ ತೋಟದಲ್ಲಿ. ಅಷ್ಟನ್ನು ಓದಿಯೇ ಬಸ್ಸು ಹತ್ತುತ್ತಾರೆ, ಅಂಗಡಿಯ ಬಾಗಿಲು ಎಳೆಯುತ್ತಾರೆ, ನಿಶ್ಚಿತಾರ್ಥವನ್ನು ಮುಂದಕ್ಕೆ ಹಾಕುತ್ತಾರೆ.

ಆ ನಾಲ್ಕು ಸಾಲಿಗೆ ನನ್ನದೇ ಒಂದು ಕ್ರಮವಿತ್ತು. ತಾಲ್ಲೂಕು ವರದಿಗಾರ್ತಿ ಎಂದರೆ ದೊಡ್ಡ ಕಚೇರಿಯಲ್ಲಿ ಕೂತವಳು ಎಂದುಕೊಳ್ಳಬೇಡಿ. ಕೊಬ್ಬರಿ ಮಂಡಿಯೊಂದರ ಮೇಲಿನ ಕೋಣೆ, ಲ್ಯಾಪ್‌ಟಾಪು, ಫೋನು, ಕೆಳಗೆ ನಿಲ್ಲಿಸಿದ ಸ್ಕೂಟಿ, ಇಷ್ಟೇ ನನ್ನ ಸಂಸ್ಥಾನ. ವಾಟ್ಸಾಪಿನಲ್ಲಿ ಸಾವಿನ ಸುದ್ದಿ ಬಂದರೆ ಮೊದಲು ಆ ಮನೆಗೇ ಫೋನು ಮಾಡುತ್ತಿದ್ದೆ. ತೀರಾ ಹತ್ತಿರದವರೊಬ್ಬರ ದನಿ ಕೇಳಬೇಕು. ಆಮೇಲೆ ಮನೆಗೆ ಸಂಬಂಧವಿಲ್ಲದ ಇನ್ನೊಬ್ಬರು: ಹೂವಿನ ಅಂಗಡಿಯವರೋ, ಹಾಲಿನ ಡೇರಿಯವರೋ. ಎರಡು ಮಾತೂ ಕೂಡಿದರೆ ಮಾತ್ರ ತುಮಕೂರಿನ ಡೆಸ್ಕಿಗೆ ಕಳಿಸುವುದು. ಡೆಸ್ಕಿನ ಮುಖ್ಯಸ್ಥರಿಗೆ ಇದೆಲ್ಲ ಅತಿಯೆನಿಸುತ್ತಿತ್ತು. "ಸಾವಿನ ವಿಷಯದಲ್ಲಿ ಯಾರು ಸುಳ್ಳು ಹೇಳ್ತಾರ್ರೀ ಮೇಡಂ? ಪುಟ ಹೋಗ್ಬೇಕು, ಬೇಗ ಕಳ್ಸಿ" ಎನ್ನುತ್ತಿದ್ದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನಾನು ಕಾಣುವುದೆಲ್ಲಿ ಬಂತು, ಫೋನಿನಲ್ಲಿ ಕೇಳಿಸಿಕೊಳ್ಳುವುದಷ್ಟೇ.

ಅದು ಪಿತೃಪಕ್ಷ, ಮನೆಮನೆಯಲ್ಲೂ ಹಿರಿಯರಿಗೆ ಎಡೆ ಇಡುವ ಕಾಲ. ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ಒಂದು ಸುದ್ದಿ ಬಂತು. ಹುಳಿಯಾರು ರಸ್ತೆಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಹಳ್ಳಿಯೊಂದರ ತೆಂಗು ಬೆಳೆಗಾರರು ತೀರಿಕೊಂಡಿದ್ದಾರೆ ಎಂದು ಅವರ ಬಾಮೈದ ಫೋಟೊ ಸಮೇತ ಬರೆದಿದ್ದ. ಫೋಟೊ ನೋಡಿ ನನಗೆ ಕಸಿವಿಸಿಯಾಯಿತು. ಅವರು ನನಗೆ ಗೊತ್ತಿದ್ದವರು. ಕೊಬ್ಬರಿ ಧಾರಣೆಯಲ್ಲಿ ನಾವು ಒಂದು ಅಂಕಿ ತಪ್ಪು ಹಾಕಿದರೂ ಬೆಳಿಗ್ಗೆಯೇ ಫೋನು ಮಾಡಿ, "ಮೇಡಂ, ನಿಮ್ ಪೇಪರ್ ಓದ್ಕಂಡು ಮಾರಿದ್ರೆ ಲಂಗೋಟಿಯೂ ಉಳಿಯಲ್ಲ" ಎಂದು ಬೈಯುತ್ತಿದ್ದ ಮನುಷ್ಯ. ಐವತ್ತು ದಾಟಿದ್ದರೂ ಗಟ್ಟಿಮುಟ್ಟಾಗಿದ್ದರು.

ಮನೆಗೆ ಫೋನು ಮಾಡಿದೆ. ಹೆಂಡತಿಯೇ ಎತ್ತಿದರು. "ಹೋಗ್ಬುಟ್ರು ಕಣಕ್ಕಾ, ನಮ್ಮನ್ನೆಲ್ಲ ಬುಟ್ಟು ಹೋಗ್ಬುಟ್ರು" ಎಂದು ಗೋಳೋ ಅಂದರು. ಇನ್ನೇನು ಕೇಳುವುದು? ಬಸ್ ಸ್ಟ್ಯಾಂಡಿನ ಹೂವಿನ ಅಂಗಡಿಯವನನ್ನು ವಿಚಾರಿಸಿದೆ. ಆ ಮನೆಗೆ ಹಾರ ಹೇಳಿದ್ದು ನಿಜ ಅಂದ. ಎರಡೂ ಕೂಡಿತು, ಕಳಿಸಿದೆ. ಸಂಜೆ ಬಾಮೈದ ಮತ್ತೆ ಫೋನು ಮಾಡಿದ.

"ನಾಳೆ ಬಂದೇ ಬತ್ತೈತಾ ಮೇಡಂ? ಕೆಂಕೆರೆಗೆ ನಿಮ್ ಪೇಪರ್ ಹೋಯ್ತದಾ?"

ಹೋಗುತ್ತದೆ ಅಂದೆ. ಸಾವಿನ ಮನೆಯವರು ಪತ್ರಿಕೆ ಯಾವ ಊರಿಗೆ ಹೋಗುತ್ತದೆ ಎಂದು ವಿಚಾರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮನಸ್ಸಿನಲ್ಲಿ ಏನೋ ಚುಚ್ಚಿತು. ಆದರೆ ದುಃಖದಲ್ಲಿರುವವರು ಏನೇನೋ ಕೇಳುತ್ತಾರೆ ಎಂದು ಸುಮ್ಮನಾದೆ.

ಮಾರನೆಯ ಬೆಳಿಗ್ಗೆ ಒಂದು ಹಾರ ತೆಗೆದುಕೊಂಡು ನಾನೇ ಹೊರಟೆ. ವರದಿಗಲ್ಲ, ಋಣಕ್ಕೆ. ಮೋಡ ಕವಿದಿತ್ತು, ಗಾಳಿಯಿರಲಿಲ್ಲ. ತೋಟದೊಳಗಿನ ದಾರಿಯಲ್ಲಿ ಒಂದು ಗರಿಯೂ ಅಲುಗುತ್ತಿರಲಿಲ್ಲ. ಆ ಮನೆ ಉದ್ದನೆಯ ಹಂಚಿನ ಮನೆ. ಅಂಗಳದ ತುಂಬ ಜನ, ಹಂಚಿನ ಮೇಲೆ ಸಾಲಾಗಿ ಕಾಗೆಗಳು. ಎಡೆಯ ಅನ್ನಕ್ಕೆ ಬಂದು ರೂಢಿಯಾಗಿತ್ತೇನೋ, ಅಷ್ಟು ಜನರಿದ್ದರೂ ಅವು ಹಾರಿಹೋಗಲಿಲ್ಲ.

ನಮ್ಮ ಕಡೆ ಸತ್ತವರನ್ನು ಅವರವರ ತೋಟದಲ್ಲೇ ಮಣ್ಣು ಮಾಡುತ್ತಾರೆ. ಮೊದಲು ಶುರುವಾಗುವ ಕೆಲಸವೇ ಗುಂಡಿ ತೋಡುವುದು. ನಾನು ಬರುವ ದಾರಿಯಲ್ಲಿ ಎಲ್ಲೂ ಹಾರೆಯ ಸದ್ದು ಕೇಳಿರಲಿಲ್ಲ. ಅಂಗಳದಲ್ಲಿ ಹೆಣವೂ ಇರಲಿಲ್ಲ. "ತುಮಕೂರು ಆಸ್ಪತ್ರೆಯಿಂದ ಬತ್ತಾ ಐತೆ" ಎಂದು ಬಾಮೈದ ಬಂದವರಿಗೆಲ್ಲ ಹೇಳುತ್ತಿದ್ದ. ಒಳಗೆ ಹೆಜ್ಜೆಯಿಟ್ಟರೆ ಒಗ್ಗರಣೆಯ ವಾಸನೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಹೆಂಡತಿ ಹಜಾರದ ಮೂಲೆಯಲ್ಲಿ ಸೆರಗು ಮುಚ್ಚಿಕೊಂಡು ಅಳುತ್ತಿದ್ದರು. ಒಂದು ಕೈ ಮಾತ್ರ ಸೆರಗಿನೊಳಗೆ ತಾಳಿಯನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ನನ್ನ ಕೈಯಲ್ಲಿದ್ದ ಹಾರ ಭಾರವಾಗತೊಡಗಿತು.

ಅಷ್ಟರಲ್ಲಿ ಬಾಗಿಲಲ್ಲಿ ಜನ ಸರಿದು ದಾರಿ ಬಿಟ್ಟರು. ಅರವತ್ತರ ಆಸುಪಾಸಿನ ಒಣಕಲು ಹೆಂಗಸೊಬ್ಬರು ಬಂದರು, ಕೈಯಲ್ಲಿ ಮಡಚಿದ ನಮ್ಮ ಪತ್ರಿಕೆ. "ಕೆಂಕೆರೆ ಅಕ್ಕ ಬಂತು" ಎಂದು ಯಾರೋ ಪಿಸುಗುಟ್ಟಿದರು. ಯಜಮಾನರ ಒಡಹುಟ್ಟಿದ ಅಕ್ಕ, ಇರುವವರು ಅವರೊಬ್ಬರೇ. ಹೆಂಗಸರ ಅಳು ಒಮ್ಮೆ ಜೋರಾಗಿ ಎದ್ದು, ತಟ್ಟನೆ ನಿಂತಿತು. ಎಲ್ಲರೂ ಅವರ ಅಳುವಿಗಾಗಿ ಕಾಯುತ್ತಿದ್ದಂತೆ ಕಂಡಿತು.

ಅವರು ಅಳಲಿಲ್ಲ. ಕಂಬಕ್ಕೆ ಒರಗಿ ಕೂತು ನೀರು ಕೇಳಿದರು, ಕುಡಿದರು, ಲೋಟ ಕೆಳಗಿಟ್ಟರು.

"ಎಲ್ಲವ್ನೆ?"

"ಆಂಬುಲೆನ್ಸ್‌ನಾಗೆ ಬತ್ತಾ ಅವ್ರೆ ಅತ್ಗೆಮ್ಮ" ಎಂದರು ಹೆಂಡತಿ.

"ಬರ್ಲಿ. ಬಂದ ಮ್ಯಾಲೆ ಅಳನ" ಎಂದು ಅಕ್ಕ ತಲೆಯೆತ್ತಿ ಅಟ್ಟದ ಕಡೆ ನೋಡಿದರು.

ನಮ್ಮ ಸೀಮೆಯ ಮನೆಗಳಲ್ಲಿ ಬದುಕೆಲ್ಲ ಇರುವುದು ಅಟ್ಟದ ಮೇಲೆ. ಬಲಿತ ಕಾಯಿಯನ್ನು ಅಲ್ಲಿ ವರ್ಷಗಟ್ಟಲೆ ಬಿಟ್ಟರೆ ಒಳಗಿನ ನೀರು ಬತ್ತಿ ಕೊಬ್ಬರಿಯಾಗುತ್ತದೆ. ಆಮೇಲೆ ಕಾಯಿ ಅಲುಗಿದರೆ ಒಳಗಿನ ಉಂಡೆ ಲೊಟಲೊಟ ಎನ್ನುತ್ತದೆ. ಆ ಸದ್ದು ಈಗ ನಮ್ಮ ತಲೆಯ ಮೇಲೆ ಕೇಳಿಸಿತು. ಒಂದು ಕಾಯಿ ಉರುಳಿ, ಇನ್ನೊಂದಕ್ಕೆ ತಾಗಿ ನಿಂತಿತು.

"ಇಲಿ" ಎಂದ ಬಾಮೈದ, ಯಾರೂ ಕೇಳದಿದ್ದರೂ.

ಇಲಿ ಇರಬಹುದು. ಆದರೆ ಅದರ ಹಿಂದೆಯೇ ಯಾರೋ ಬಾಯಿಗೆ ಬಟ್ಟೆ ಒತ್ತಿಕೊಂಡು ಕೆಮ್ಮಿದರು. ಇಲಿ ಕೆಮ್ಮುವುದಿಲ್ಲ. ಹೆಂಡತಿ ನನ್ನ ಮುಖ ನೋಡಿದರು, ಎದ್ದು ಬಂದು ಕೈ ಹಿಡಿದು ಅಡಿಗೆಮನೆಗೆ ಎಳೆದುಕೊಂಡು ಹೋದರು.

"ಅಕ್ಕಾ, ದಮ್ಮಯ್ಯ ಅಂತೀನಿ, ಬಾಯ್ ಬುಡ್ಬೇಡಿ. ಎಡೆ ಇಡೋವಾಗ ಇವ್ರ ತಲೆಗೆ ಕಾಗೆ ಮುಟ್ತು. ಉಗುರು ತಾಕಿ ರಕ್ತ ಬಂತು. ಪಕ್ಷದಾಗೆ ಕಾಗೆ ಮುಟ್ಟಿದ್ರೆ ಉಳಿಯಲ್ಲ ಅಂತಾರೆ. ಸತ್ರು ಅಂತ ಸುದ್ದಿ ಕಳ್ಸಿ, ಒಡಹುಟ್ಟಿದೋರು ಒಂದ್ ಹನಿ ಕಣ್ಣೀರ್ ಹಾಕುದ್ರೆ ದೋಸ ಕಳೀತದೆ."

ಈ ನಂಬಿಕೆಯನ್ನು ನಾನೂ ಕೇಳಿದ್ದೆ, ಹಳೆಯ ಕಾಲದ ಕತೆ ಎಂದುಕೊಂಡಿದ್ದೆ. ಸುಳ್ಳು ಸಾವಿನ ಸುದ್ದಿ ಮುಟ್ಟಿಸಿ, ಅವರು ಅತ್ತ ಮೇಲೆ ನಿಜ ಹೇಳಿ ಸಿಹಿ ಹಂಚುವುದು. ಅತ್ತು ಮುಗಿಯುವ ತನಕ "ಸತ್ತವರು" ಯಾರ ಕಣ್ಣಿಗೂ ಬೀಳಬಾರದು.

"ಅದಕ್ಕೆ ನಮ್ಮ ಪತ್ರಿಕೆಯೇ ಬೇಕಿತ್ತಾ? ಫೋನು ಮಾಡಿ ಹೇಳಬಹುದಿತ್ತಲ್ಲ" ಎಂದೆ.

"ಮೊದ್ಲಾದ್ರೆ ಒಂದ್ ಕಾರ್ಡ್ ಬರೆದ್ರೆ ಸಾಕಾಗಿತ್ತು. ಈಗ ಫೋನ್ ಮಾಡುದ್ರೆ ವಿಡಿಯೋದಾಗೆ ಮುಖ ತೋರ್ಸು ಅಂತಾರೆ. ಪೇಪರ್ನಾಗೆ ಬಂದ್ರೆ ಯಾರೂ ಏನೂ ಕೇಳಲ್ಲ ಕಣಕ್ಕಾ."

ಇಷ್ಟು ವರ್ಷದ ಕೆಲಸಕ್ಕೆ ಇಷ್ಟು ದೊಡ್ಡ ಹೊಗಳಿಕೆ ನನಗೆ ಯಾರೂ ಕೊಟ್ಟಿರಲಿಲ್ಲ. ಇಷ್ಟು ಕೆಟ್ಟದ್ದನ್ನೂ ಕೊಟ್ಟಿರಲಿಲ್ಲ.

ತಿದ್ದುಪಡಿ ಇವತ್ತೇ ಹೋಗಬೇಕು ಎಂದೆ. ಅವರು ನನ್ನ ಕಾಲಿಗೆ ಬಗ್ಗಿದರು. "ಅತ್ಗೆಮ್ಮ ಅಳೋಗಂಟ ತಡ್ಕಳಿ. ಅಳೋಕೆ ಮೊದ್ಲೇ ನಿಜ ಹೊರಗ್ ಬಂದ್ರೆ ದೋಸ ಡಬ್ಬಲ್ ಆಯ್ತದಂತೆ. ಒಂದೇ ಒಂದ್ ದಿನ." ನಾನು ಕಾಲು ಹಿಂದಕ್ಕೆ ತೆಗೆದುಕೊಂಡೆ. ಒಂದು ದಿನ ತಡೆದರೆ ಯಾರ ಗಂಟು ಹೋಗುತ್ತದೆ ಎಂದು ಒಳಗೊಳಗೇ ಅನಿಸಿದ್ದೂ ನಿಜ.

ಹೊರಗೆ ಬಂದರೆ ಅಕ್ಕ ಜಗುಲಿಗೆ ಬಂದು ಕೂತಿದ್ದರು. ನನ್ನನ್ನು ಹತ್ತಿರ ಕರೆದರು.

"ಪೇಪರ್ನೋಳು ನೀನೇನಾ ತಾಯಿ? ಒಳಗೆ ಎಲ್ಲಾ ಹೇಳುದ್ಲಾ?"

ನಾನು ಕೈಯಲ್ಲಿದ್ದ ಹಾರವನ್ನು ಜಗುಲಿಯ ಅಂಚಿಗಿಟ್ಟೆ.

"ಪೇಪರ್ ನೋಡ್ದಾಗಲೇ ಗೊತ್ತಾಯ್ತು ಕಣಮ್ಮ. ನಮ್ಮಪ್ಪನೂ ಹಿಂಗೇ ಕೂತಿದ್ದ, ಅದೇ ಅಟ್ಟದಾಗೆ. ಆಗ ನಂಗೆ ಮದ್ವೆಯಾಗಿ ವರ್ಷ ತುಂಬಿರ್ಲಿಲ್ಲ, ಬಸ್ರಿ. ಅಪ್ಪ ಹೋಯ್ತು ಅಂತ ಕೆಂಕೆರೆಗೆ ಕಾರ್ಡ್ ಬಂತು. ಬಸ್ಸಿಗೂ ಕಾಯ್ಲಿಲ್ಲ, ಹೊಲದ ಬದ ಹಾರ್ಕಂಡು, ಎದೆ ಬಡ್ಕಂಡು ಓಡ್ ಬಂದೆ. ಒಳಗೈತಲ್ಲ, ಆ ಕಂಬಕ್ಕೆ ತಲೆ ಚಚ್ಕಂಡು ಅತ್ತೆ. ಅಪ್ಪ ನಗ್ತಾ ನಗ್ತಾ ಏಣಿ ಇಳ್ದು ಬಂತು. ಎಲ್ರೂ ನಕ್ರು. ದೋಸ ಕಳೀತು ಅಂತ ಪಾಯಸ ಮಾಡುದ್ರು. ನಂಗೆ ಅವತ್ತೇ ಹೊಟ್ಟೆನೋವು ಸುರುವಾಯ್ತು. ಕೂಸು ನಿಲ್ಲಲಿಲ್ಲ."

ಅವರು ಪತ್ರಿಕೆಯನ್ನು ಇನ್ನೊಂದು ಮಡಿಕೆ ಮಡಚಿದರು.

"ಅಪ್ಪ ನಿಜವಾಗ್ಲೂ ಸತ್ತಾಗ ನಂಗೆ ಅಳುವೇ ಬರ್ಲಿಲ್ಲ. ಅದನ್ನ ಮೊದ್ಲೇ ಕಿತ್ಕಂಡಿದ್ರಲ್ಲ. ಅವತ್ತೇ ಆಣೆ ಮಾಡ್ಕಂಡೆ, ಇನ್ನು ಈ ಮನೆ ಸುದ್ದಿಗೆ ಅಳಲ್ಲ ಅಂತ."

ಅದೇ ಹೊತ್ತಿಗೆ ಆಟೊದಿಂದ ಒಬ್ಬರು ಇಳಿದರು. ಯಜಮಾನರ ಜೊತೆ ಓದಿದವರಂತೆ, ನೊಣವಿನಕೆರೆಯಿಂದ ಬಸ್ಸು ಬದಲಿಸಿಕೊಂಡು ಬಂದಿದ್ದರು. ಅವರ ಕೈಯಲ್ಲೂ ನಮ್ಮ ಪತ್ರಿಕೆ. ಅಂಗಳಕ್ಕೆ ಬಂದವರೇ ಮಗುವಿನಂತೆ ಬಿಕ್ಕಿ ಬಿಕ್ಕಿ ಅಳತೊಡಗಿದರು. ಅಕ್ಕ ಅವರನ್ನು ನೋಡಿ ಮುಖ ಆ ಕಡೆ ತಿರುಗಿಸಿದರು. ಒಂದು ದಿನ ತಡೆದರೆ ಯಾರ ಗಂಟು ಹೋಗುತ್ತದೆ ಎಂಬುದು ಆಗ ಕಣ್ಣಿಗೆ ಕಂಡಿತು. ಒಳಗೆ ಹೋಗಿ ಏಣಿಯ ಬುಡದಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದೆ: "ಯಜಮಾನ್ರೇ, ತಿದ್ದುಪಡಿ ಇವತ್ತು ಸಂಜೆಯೇ ಹೋಗುತ್ತೆ. ನೀವಾಗಿ ಇಳಿದು ಬಂದರೆ ನಿಮಗೂ ಮರ್ಯಾದೆ."

ಅಟ್ಟದ ಮೇಲೆ ಕಾಯಿಗಳು ಸರಿದವು, ಏಣಿ ಕಿರುಗುಟ್ಟಿತು. ಮೈತುಂಬ ಧೂಳು, ತಲೆಯಲ್ಲಿ ಜೇಡರ ಬಲೆ, ನೆತ್ತಿಯ ಮೇಲೆ ಗಾಯಕ್ಕೆ ಮೆತ್ತಿದ ಅರಿಶಿನ. ಯಜಮಾನರು ತಮ್ಮ ಅಪ್ಪನಂತೆ ನಗುತ್ತ ಬರಲಿಲ್ಲ. ಅಷ್ಟು ಜನರ ನಡುವೆ ನೇರವಾಗಿ ಅಕ್ಕನ ಹತ್ತಿರ ಹೋಗಿ ಕೈಮುಗಿದು ನಿಂತರು. ಒಬ್ಬ ಗಟ್ಟಿ ಆಳು ಹಾಗೆ ಹೆದರಿ ನಿಂತದ್ದನ್ನು ನಾನು ಕಂಡಿರಲಿಲ್ಲ.

"ಒಂದೇ ಒಂದ್ ಸಲ ಅತ್ತುಬುಡಕ್ಕ."

"ಬದುಕಿದ್ದೋನ ಮುಂದೆ ಅಳ್ತಾರೇನ್ಲಾ?" ಎಂದು ಅಕ್ಕ ಎದ್ದು ಸೀರೆ ಕೊಡವಿಕೊಂಡರು. "ನಂದೂ ಸುದ್ದಿ ಒಂದಿನ ಬತ್ತೈತಲ್ಲ, ಅವತ್ತು ನೋಡನ, ನೀನೇನ್ ಮಾಡ್ತೀಯ ಅಂತ."

ಪತ್ರಿಕೆಯನ್ನು ಜಗುಲಿಯ ಮೇಲೆ ಬಿಟ್ಟು ಬಸ್ಸಿಗೆ ಹೋದರು. ಕಾಗೆಗಳು ಇನ್ನೂ ಹಂಚಿನ ಮೇಲೆಯೇ ಇದ್ದವು.

ತಿದ್ದುಪಡಿ ಬರೆಯುವುದು ಇಷ್ಟು ಕಷ್ಟದ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ಡೆಸ್ಕಿನ ಮುಖ್ಯಸ್ಥರು ಮೊದಲು ನನ್ನನ್ನು ಬೈದರು, ಆಮೇಲೆ ಆ ಕುಟುಂಬವನ್ನು, ಕೊನೆಗೆ ಕಾಗೆಯನ್ನು. "ತಾಂತ್ರಿಕ ದೋಷದಿಂದ ಅಂತ ಹಾಕಿ ಮುಗಿಸಿಬಿಡೋಣ" ಅಂದರು. ಪತ್ರಿಕೆಗಳಲ್ಲಿ ಯಾರೂ ಮಾಡದ ತಪ್ಪುಗಳೆಲ್ಲ ತಾಂತ್ರಿಕ ದೋಷದ ತಲೆಗೇ ಹೋಗುತ್ತವೆ. ನಾನು ಒಪ್ಪಲಿಲ್ಲ. ಕುಟುಂಬದವರು ಕೊಟ್ಟ ತಪ್ಪು ಮಾಹಿತಿಯಿಂದ ಪ್ರಕಟವಾದದ್ದು, ಅವರು ಕ್ಷೇಮವಾಗಿದ್ದಾರೆ, ಓದುಗರಲ್ಲಿ ವಿಷಾದಿಸುತ್ತೇವೆ ಎಂದು ಬರೆದೆ. ಕಾಗೆಯನ್ನು ಬಿಟ್ಟೆ. ಇನ್ನೊಂದು ತೊಡಕು ಫೋಟೊದ್ದು. ಅದೇ ಜಾಗದಲ್ಲಿ ಅದೇ ಫೋಟೊ ಹಾಕಿದರೆ ಮುಖ ಮಾತ್ರ ನೋಡುವವರು ಮತ್ತೆ ಸತ್ತರು ಎಂದುಕೊಳ್ಳುತ್ತಾರೆ. ಹಾಕದಿದ್ದರೆ ತಿದ್ದುಪಡಿ ಯಾರ ಕಣ್ಣಿಗೂ ಬೀಳುವುದಿಲ್ಲ. ಕೊನೆಗೆ ಫೋಟೊ ಇಲ್ಲದೆಯೇ ಹೋಯಿತು.

ಫೋಟೊ ನೋಡಿದವರೆಲ್ಲ ತಿದ್ದುಪಡಿ ಓದಲಿಲ್ಲ. ಯಜಮಾನರು ತಿಪಟೂರಿನ ಮಾರುಕಟ್ಟೆಗೆ ಹೋದರೆ ಎದುರಾದವರು ಹೌಹಾರಿ ನಿಲ್ಲುತ್ತಿದ್ದರಂತೆ. ಇನ್ನು ನನ್ನ ಪಾಡು ಕೇಳಬೇಡಿ. ನಿಧನದ ಸುದ್ದಿಗೆ ಫೋನು ಮಾಡಿದರೆ ಟೀ ಅಂಗಡಿಯವರಿಂದ ಹಿಡಿದು ಎಲ್ಲರೂ ಒಂದೇ ಮಾತು: "ಕೆಳಗವ್ರಾ ಮೇಡಂ, ಅಟ್ಟದ ಮೇಲವ್ರಾ?" ಊರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ನಾನೂ ನಗುತ್ತಿದ್ದೆ, ಒಳಗೆ ಉರಿಯುತ್ತಿತ್ತು. ಅವತ್ತಿನಿಂದ ಕ್ರಮ ಬದಲಾಯಿಸಿದೆ. ನಾನು, ಇಲ್ಲವೆ ನಾನು ನಂಬುವವರೊಬ್ಬರು, ಕಣ್ಣಿನಿಂದ ನೋಡದೆ ಒಂದು ಸಾವಿನ ಸುದ್ದಿಯನ್ನೂ ಕಳಿಸುತ್ತಿರಲಿಲ್ಲ.

ಯಜಮಾನರು ಆಮೇಲೂ ಫೋನು ಮಾಡುತ್ತಿದ್ದರು, ಧಾರಣೆಗಲ್ಲ. "ಅಕ್ಕ ಫೋನ್ ಎತ್ತಲ್ಲ ಮೇಡಂ. ನೀವು ಒಂದ್ ದಿನ ತಡೆದಿದ್ರೆ ಆಗ್ತಿತ್ತು. ತಲೆ ಮೇಲೆ ಏನೋ ಕೂತಂಗೆ ಆಯ್ತದೆ, ರಾತ್ರಿ ಹಗಲು." ದನಿಯಲ್ಲಿ ಬೈಗುಳವಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಸಂಕಟವಾಗುತ್ತಿತ್ತು. ತೋಟದಲ್ಲಿ ಓಡಾಡುವಾಗಲೂ ತಲೆಗೆ ಟವೆಲು ಸುತ್ತಿಕೊಂಡೇ ಇರುತ್ತಾರೆ, ಎಡೆ ಇಟ್ಟ ಜಾಗಕ್ಕೆ ಕಾಲಿಡುವುದಿಲ್ಲ ಎಂದು ಅವರ ಹೆಂಡತಿ ಹೇಳಿದರು. ನನಗೆ ಕಾಗೆಯಲ್ಲಿ ನಂಬಿಕೆಯಿಲ್ಲ. ಆದರೂ ಅವರ ನಂಬರು ಫೋನಿನಲ್ಲಿ ಕಂಡಾಗಲೆಲ್ಲ ಎರಡು ಸಲ ಬಡಿದುಕೊಳ್ಳಲು ಬಿಟ್ಟೇ ಎತ್ತುತ್ತಿದ್ದೆ.

ಸಂಕ್ರಾಂತಿ ಕಳೆದಿತ್ತು. ಒಂದು ಬೆಳಿಗ್ಗೆ ಬಂದ ಕರೆ ಅವರದಲ್ಲ, ಕೆಂಕೆರೆಯದು.

"ಅವ್ವ ಹೋಗ್ಬುಡ್ತು ಮೇಡಂ" ಎಂದ ಅಕ್ಕನ ಮಗ. ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದವರು ಎದೆ ಹಿಡಿದುಕೊಂಡು ಕೂತರಂತೆ, ಮತ್ತೆ ಏಳಲಿಲ್ಲ. "ಮಾವ ನಂಬ್ತಾನೇ ಇಲ್ಲ. ವಿಡಿಯೋದಾಗೆ ಮುಖ ತೋರ್ಸಿದ್ರೆ, ಕಣ್ ಮುಚ್ಕಂಡು ಮಲಗೋಕೆ ಯಾರಿಗ್ ಬರಲ್ಲ ಅಂತ ಕಟ್ ಮಾಡ್ದ. ನೀವಾದ್ರೂ ಹೇಳಿ."

ಕೆಂಕೆರೆಗೆ ಹೋದೆ. ಊರಿಗೆ ಮೊದಲೇ, ತೋಟದಲ್ಲಿ ಹಾರೆಯ ಸದ್ದು ಕೇಳಿಸಿತು. ಅಂಗಳದಲ್ಲಿ ಚಾಪೆಯ ಮೇಲೆ ಅಕ್ಕನನ್ನು ಮಲಗಿಸಿದ್ದರು, ಹಣೆಗೆ ವಿಭೂತಿ. ಒಲೆ ತಣ್ಣಗಿತ್ತು. ಇಷ್ಟಾದರೂ ನನ್ನ ಮನಸ್ಸು ನಂಬಲು ಹಿಂಜರಿಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ನಮಸ್ಕಾರ ಮಾಡುವ ನೆಪದಲ್ಲಿ ಬಗ್ಗಿ ಅವರ ಪಾದವನ್ನು ಹಿಡಿದೆ. ತಣ್ಣಗೆ ಕೊರೆಯುತ್ತಿತ್ತು. ಕೈ ತೆಗೆದ ಮೇಲೂ ಆ ತಣ್ಣಗಿನ ಸ್ಪರ್ಶ ಬೆರಳಿನಿಂದ ಹೋಗಲಿಲ್ಲ.

ಹೆಣ ಎತ್ತುವ ಹಾಗಿರಲಿಲ್ಲ. ಹೆಣ್ಣುಮಗಳು ಸತ್ತರೆ ತವರಿನಿಂದ ಸೀರೆ ಬರಬೇಕು, ಅದನ್ನು ಹೊದಿಸಿಯೇ ಕಳಿಸಬೇಕು. ತವರೆಂದರೆ ಆ ತಮ್ಮನೊಬ್ಬನೇ. ಎಲ್ಲರೂ ರಸ್ತೆಯ ಕಡೆ ನೋಡುತ್ತಿದ್ದರು. ನಾನು ಸ್ಕೂಟಿ ತಿರುಗಿಸಿದೆ.

ಯಜಮಾನರು ಜಗುಲಿಯ ಮೇಲೆ ಕೂತಿದ್ದರು, ತಲೆಗೆ ಟವೆಲು. ನಾನು ಇಳಿಯುವ ಮೊದಲೇ ಅಂದರು:

"ನಿಮ್ಮನ್ನೂ ಕಳ್ಸಿದ್ಲಾ?"

"ನಾನು ನೋಡಿಕೊಂಡೇ ಬಂದಿದ್ದೀನಿ ಯಜಮಾನ್ರೇ. ಕಾಲು ಮುಟ್ಟಿ ನೋಡಿದೆ. ಎದ್ದು ಬನ್ನಿ."

"ಅವ್ಳು ಅವತ್ತು ಎಲ್ರ ಮುಂದೆ ಅಂದ್ಲಲ್ಲ, ನನ್ ಸುದ್ದಿ ಬರ್ಲಿ ನೋಡನ ಅಂತ. ನಂಗೆ ಬುದ್ಧಿ ಕಲ್ಸೋಕೆ ಮಲಗವ್ಳೆ. ನಾನು ಅಳ್ತಾ ಓಡೋಗ್ಬೇಕು, ಅವ್ಳು ಎದ್ದು ನಗ್ಬೇಕು. ನಮ್ಮ ಮನೆ ಆಟ ನಂಗೆ ಗೊತ್ತಿಲ್ವಾ ಮೇಡಂ?"

"ನಾಳೆ ಪೇಪರ್‌ನಲ್ಲಿ ಬರುತ್ತೆ. ನಾನೇ ಬರೀತಿದ್ದೀನಿ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಕಣ್ಣು ಕೆಂಪಗಿತ್ತು. ಎಷ್ಟು ದಿನದಿಂದ ನಿದ್ದೆಯಿರಲಿಲ್ಲವೋ.

"ಪೇಪರ್ನಾಗೆ ನಾನೂ ಸತ್ತಿದ್ದೆ ಕಣಮ್ಮ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಒಳಗೆ ಹೋದರು. ಪೆಟ್ಟಿಗೆ ತೆಗೆದ ಸದ್ದಾಯಿತು. ಹೊಸ ಸೀರೆಯೊಂದನ್ನು ಎದೆಗೊತ್ತಿಕೊಂಡು ಬಂದು, ಗಂಡನ ಕಡೆ ತಿರುಗಿಯೂ ನೋಡದೆ, ನನ್ನ ಸ್ಕೂಟಿಯ ಹಿಂದೆ ಕೂತರು. "ನಡೀರಿ ಅಕ್ಕಾ." ದಾರಿಯುದ್ದಕ್ಕೂ ನನ್ನ ಬೆನ್ನಿಗೆ ಅವರ ಬಿಕ್ಕು ತಾಗುತ್ತಿತ್ತು.

ಆ ಸೀರೆ ಹೊದಿಸಿ ಮಣ್ಣು ಮಾಡಿದರು. ಕಾಯುವಷ್ಟು ಕಾದು, ಹೊತ್ತು ಇಳಿಯುವ ಮುಂಚೆ ಮುಗಿಸಿದರು. ಕೊನೆಯ ತನಕ ಅಕ್ಕನ ಮಗ ರಸ್ತೆಯತ್ತ ತಿರುಗಿ ತಿರುಗಿ ನೋಡುತ್ತಿದ್ದ. ನಾನು ತೋಟದ ಬದುವಿನ ಮೇಲೆ ಕೂತು ಫೋನಿನಲ್ಲೇ ನಾಲ್ಕು ಸಾಲು ಬರೆದು ಡೆಸ್ಕಿಗೆ ಕಳಿಸಿದೆ. ಅಗಲಿದವರ ಪಟ್ಟಿಯಲ್ಲಿ 'ಸಹೋದರ' ಎಂದು ಬರೆಯುವಾಗ ಬೆರಳು ನಿಂತಿತು, ಆದರೂ ಬರೆದೆ.

ಎಲ್ಲರೂ ಮನೆಗೆ ಬಂದು ಕಾಲು ತೊಳೆಯುತ್ತಿದ್ದಾಗ ಯಜಮಾನರು ಬಂದರು. ಬಸ್ಸಿನಿಂದ ಇಳಿದು ನಡೆದುಕೊಂಡೇ ಬಂದಿದ್ದರು. ತೋಟದ ಕಡೆ ತಿರುಗಲಿಲ್ಲ. ಹೆಂಡತಿಯನ್ನು ದಾಟಿದರು, ಅಕ್ಕನ ಮಗನನ್ನು ದಾಟಿದರು, ಅಂಗಳದ ಖಾಲಿ ಚಾಪೆಯನ್ನು ಸುತ್ತಿ ಹಜಾರಕ್ಕೆ ಹೋದರು. ಆ ಮನೆಯಲ್ಲೂ ಅಟ್ಟವಿತ್ತು, ಅಟ್ಟದ ತುಂಬ ಕಾಯಿ. ಏಣಿಯ ಬುಡದಲ್ಲಿ ನಿಂತು ಟವೆಲು ಬಿಚ್ಚಿ ಕೈಯಲ್ಲಿ ಹಿಡಿದು, ತಲೆಯೆತ್ತಿ ಕರೆದರು.

"ಅಕ್ಕಾ, ಸಾಕು. ಇಳ್ದು ಬಾ. ನಾನೇ ಸೋತೆ ಅಂತ ಇಟ್ಕೊ. ಬಂದಿದೀನಿ ನೋಡು."

ಅವರು ಕಿವಿಗೊಟ್ಟು ಕಾಯುತ್ತಿದ್ದರು. ಒಂದು ಕಾಯಿ ಅಲುಗಿದರೆ ಸಾಕಿತ್ತು, ಇಲಿಯೇ ಅಲುಗಿಸಿದ್ದರೂ ಸಾಕಿತ್ತು. ನಾನೂ ಕಾಯುತ್ತಿದ್ದೆ, ಸುಳ್ಳೇಕೆ ಹೇಳಲಿ. ಮೇಲಿನಿಂದ ಒಂದು ಸದ್ದೂ ಬರಲಿಲ್ಲ. "ಅಕ್ಕಾ" ಎಂದು ಮತ್ತೊಮ್ಮೆ ಕರೆದು, ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟರು.

ನನ್ನ ಫೋನು ಬಡಿದುಕೊಂಡಿತು. ಡೆಸ್ಕಿನ ಮುಖ್ಯಸ್ಥರು. ಆ ನಿಶ್ಶಬ್ದದಲ್ಲಿ ಅವರ ದನಿ ಹಜಾರಕ್ಕೆಲ್ಲ ಕೇಳಿಸಿತು.

"ಮೇಡಂ, ಕೆಂಕೆರೆಯದು ಪಕ್ಕಾನಾ? ಪುಟ ಹೋಗ್ತಾ ಇದೆ."

ಯಜಮಾನರು ಮೆಟ್ಟಿಲ ಮೇಲೆ ಕಾಲಿಟ್ಟುಕೊಂಡೇ ತಿರುಗಿ ನನ್ನ ಮುಖ ನೋಡಿದರು.

"ಪಕ್ಕಾ ಸರ್" ಎಂದೆ. "ನಾನೇ ನೋಡಿದ್ದೀನಿ. ಹಾಕಿ."

ಅವರು ಕಾಲನ್ನು ಕೆಳಗಿಟ್ಟರು. ಆಮೇಲೆ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಳತೊಡಗಿದರು.